ಜೇಡ್ ಬೋನ್ಸಾಯ್: ಒಣಗಲು ಬಿಡುವುದೇ ಅರ್ಧ ಆರೈಕೆ

ಫಲಪುಷ್ಪ ಪ್ರದರ್ಶನದಲ್ಲೋ ನರ್ಸರಿಯಲ್ಲೋ ಅಂಗೈಯಗಲದ ಕುಂಡದಲ್ಲಿ ನಿಂತ ಜೇಡ್ ಬೋನ್ಸಾಯ್ ಕಂಡು ಮನಸೋತು ಮನೆಗೆ ತರುತ್ತೀರಿ. ಮಾರಿದವರು ‘ದಿನಾ ಸ್ವಲ್ಪ ನೀರು ಚಿಮುಕಿಸಿ, ಸಾಕು’ ಎಂದಿರುತ್ತಾರೆ. ಟೀಪಾಯ್ ಮೇಲಿಟ್ಟು ಹಾಗೆಯೇ ಮಾಡುತ್ತೀರಿ. ಒಂದೆರಡು ತಿಂಗಳು ಎಲ್ಲ ಚೆನ್ನಾಗಿಯೇ ಇರುತ್ತದೆ. ಆಮೇಲೆ ಮುಟ್ಟಿದರೆ ಸಾಕು, ಎಲೆ ಉದುರತೊಡಗುತ್ತದೆ. ನೀರು ಸಾಲದೇನೋ ಎಂದು ಇನ್ನಷ್ಟು ಹಾಕುತ್ತೀರಿ. ಒಂದು ದಿನ ಕಾಂಡದ ಬುಡ ಒತ್ತಿ ನೋಡಿದರೆ ಬೆಂದ ಆಲೂಗಡ್ಡೆಯಂತೆ ಮೆತ್ತಗಾಗಿರುತ್ತದೆ.

ಇದು ಕೈಗುಣದ ದೋಷವಲ್ಲ. ಆಲ, ಅರಳಿಯಂಥ ಫೈಕಸ್‌ಗಳ ಬೋನ್ಸಾಯ್‌ಗೆ ಹೇಳಿದ ನಿಯಮಗಳನ್ನೇ ಜೇಡ್‌ಗೂ ಹಚ್ಚಿದ್ದರಿಂದ ಆದ ಎಡವಟ್ಟು. ಜೇಡ್ ಮೊದಲು ನೀರು ಕೂಡಿಟ್ಟುಕೊಳ್ಳುವ ರಸಭರಿತ ಗಿಡ, ಬೋನ್ಸಾಯ್ ಆಗುವುದು ಆಮೇಲೆ. ಬೇರೆ ಬೋನ್ಸಾಯ್‌ಗಳಿಗೆ ಬೇರು ಕತ್ತರಿಸಿದ ಕೂಡಲೇ ನೀರುಣಿಸಬೇಕು. ಜೇಡ್‌ಗೆ ಆಗ ನೀರು ಹಾಕಲೇಬಾರದು. ಅವುಗಳ ಕಡ್ಡಿಯನ್ನು ಹಸಿಯಾಗಿರುವಾಗಲೇ ನೆಡಬೇಕು. ಇದರ ಕಡ್ಡಿಯನ್ನು ದಿನಗಟ್ಟಲೆ ಒಣಗಿಸಿ ನೆಡಬೇಕು. ಈ ಒಂದು ವ್ಯತ್ಯಾಸ ಮನದಟ್ಟಾದರೆ ಮುಂದಿನ ಹಂತಗಳೆಲ್ಲ ಸುಲಭ.

ನಿಮ್ಮ ಮನೆಯಲ್ಲಿರುವುದು ಯಾವ ಜೇಡ್?

‘ಜೇಡ್’ ಎಂಬ ಒಂದೇ ಹೆಸರಿನಲ್ಲಿ ನಮ್ಮ ನರ್ಸರಿಗಳಲ್ಲಿ ಎರಡು ಬೇರೆ ಬೇರೆ ಗಿಡಗಳು ಮಾರಾಟವಾಗುತ್ತವೆ. ಎರಡೂ ದಕ್ಷಿಣ ಆಫ್ರಿಕಾ ಕಡೆಯವೇ ಆದರೂ ಕುಟುಂಬ ಬೇರೆ.

1. ಕ್ರಾಸುಲಾ ಓವೇಟ. ಇದು ಮೂಲ ಜೇಡ್. ಎಲೆ ದಪ್ಪ, ಹೊಳಪು, ಹೆಬ್ಬೆರಳಿನಷ್ಟು ಅಥವಾ ಅದಕ್ಕೂ ದೊಡ್ಡದು. ಎಳೆ ಕಾಂಡ ಹಸಿರು, ಬಲಿತ ಮೇಲೆ ಬೂದುಗಂದು. ಬೆರಳಿನಾಕಾರದ ಎಲೆಯ ‘ಗೊಲ್ಲಮ್’ ಇದರದೇ ಒಂದು ತಳಿ.

2. ಪೋರ್ಚುಲಕೇರಿಯ ಆಫ್ರ. ಪುಟ್ಟ ಜೇಡ್ ಎಂದು ಕರೆಯುವುದು ಇದನ್ನು. ಎಲೆ ಒಂದೆರಡು ಸೆಂಟಿಮೀಟರ್ ಅಷ್ಟೇ, ದುಂಡಗೆ. ಎಳೆ ರೆಂಬೆಗಳು ಕೆಂಗಂದು, ತೆಳು, ಅಡ್ಡಡ್ಡ ಹರಡುವ ಸ್ವಭಾವ. ದಕ್ಷಿಣ ಆಫ್ರಿಕಾದಲ್ಲಿ ಇದನ್ನು ಸ್ಪೆಕ್‌ಬೂಮ್ ಎನ್ನುತ್ತಾರೆ. ಅಲ್ಲಿನ ಆಡ್ಡೊ ರಾಷ್ಟ್ರೀಯ ಉದ್ಯಾನದ ಆನೆಗಳ ಮುಖ್ಯ ಮೇವುಗಳಲ್ಲಿ ಇದೂ ಒಂದು. ಆನೆ ಮುರಿದು ತಿಂದ ಮೇಲೂ ಉಳಿದ ತುಂಡುಗಳಿಂದ ಚಿಗುರಿ ಬರುವ ಗಿಡ ಕತ್ತರಿಗೆ ಹೆದರುವುದಿಲ್ಲ.

ಹೊಸದಾಗಿ ಕಲಿಯುವವರಿಗೆ ಎರಡನೆಯದೇ ಸೂಕ್ತ. ಎಲೆ ಚಿಕ್ಕದಾದ್ದರಿಂದ ಪುಟ್ಟ ಗಿಡವೂ ದೊಡ್ಡ ಮರದಂತೆ ಕಾಣುತ್ತದೆ, ಬೇಗ ಚಿಗುರುತ್ತದೆ, ರೆಂಬೆಯೂ ತಕ್ಕಮಟ್ಟಿಗೆ ಬಾಗುತ್ತದೆ. ಕ್ರಾಸುಲಾದ ಕಾಂಡ ಬೇಗ ದಪ್ಪವಾಗಿ ಮುಪ್ಪಿನ ಕಳೆ ಕೊಡುತ್ತದಾದರೂ ಎಲೆಯ ಭಾರಕ್ಕೆ ಸಣ್ಣ ರೆಂಬೆಗಳು ಜೋತು ಬೀಳುತ್ತವೆ. ಕನಿಷ್ಠ ಒಂದಡಿ ಎತ್ತರದ ಗಿಡವಾದರೇ ಅದಕ್ಕೆ ಮರದ ಲಕ್ಷಣ.

ಮನೆಯಲ್ಲಿ ಸಾಕುಪ್ರಾಣಿ ಇದ್ದರೆ ಈ ಗುರುತು ಇನ್ನೂ ಮುಖ್ಯ. ಕ್ರಾಸುಲಾ ಎಲೆ ತಿಂದರೆ ನಾಯಿ, ಬೆಕ್ಕುಗಳಿಗೆ ವಾಂತಿಯಾಗುತ್ತದೆ. ಅವುಗಳ ಬಾಯಿಗೆ ಎಟುಕದ ಕಡೆ ಇಡಿ.

ಒಣಗಿಸಿದರೆ ಏಕೆ ಬದುಕುತ್ತದೆ?

ಬಹುತೇಕ ಗಿಡಗಳು ಹಗಲಲ್ಲಿ ಎಲೆಯ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ತೆರೆದ ರಂಧ್ರದಿಂದ ನೀರೂ ಆವಿಯಾಗಿ ಹೋಗುತ್ತದೆ. ಮಳೆ ಕಡಿಮೆ ಇರುವ ಒರಟು ನೆಲದಲ್ಲಿ ಬೆಳೆದ ಜೇಡ್ ಇದಕ್ಕೆ ಬೇರೆ ದಾರಿ ಕಂಡುಕೊಂಡಿದೆ. ತಂಪಾದ ರಾತ್ರಿಯಲ್ಲಿ ರಂಧ್ರ ತೆರೆದು ಇಂಗಾಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಎಲೆಯೊಳಗೆ ಕೂಡಿಡುತ್ತದೆ. ಹಗಲಲ್ಲಿ ರಂಧ್ರ ಮುಚ್ಚಿಕೊಂಡು ಆ ದಾಸ್ತಾನಿನಿಂದಲೇ ಆಹಾರ ತಯಾರಿಸುತ್ತದೆ. ಸ್ಪೆಕ್‌ಬೂಮ್ ಎಲೆ ಬೆಳಿಗ್ಗೆ ಹುಳಿಯಾಗಿದ್ದು ಸಂಜೆಯ ಹೊತ್ತಿಗೆ ಆ ಹುಳಿ ಇಳಿಯುವುದು ಇದರಿಂದಲೇ. ಸಸ್ಯವಿಜ್ಞಾನಿಗಳು ಈ ವಿಧಾನಕ್ಕೆ ಕ್ರಾಸುಲಾ ಕುಟುಂಬದ ಹೆಸರನ್ನೇ ಇಟ್ಟಿದ್ದಾರೆ.

ಹೀಗಾಗಿ ಜೇಡ್ ನೀರು ಬಳಸುವುದು ಬಹಳ ನಿಧಾನ. ಎಲೆ, ಕಾಂಡ, ಬೇರು ಎಲ್ಲೆಡೆ ನೀರಿನ ಶೇಖರಣೆ ಇರುತ್ತದೆ. ಶೇಖರಣೆ ತುಂಬಿರುವಾಗ ಮಣ್ಣೂ ಸದಾ ತೇವವಾಗಿದ್ದರೆ ಬೇರಿಗೆ ಗಾಳಿ ಸಿಗದೆ ಉಸಿರುಗಟ್ಟುತ್ತದೆ, ಶಿಲೀಂಧ್ರ ಹೊಕ್ಕು ಕೊಳೆಸುತ್ತದೆ. ಕತ್ತರಿಸಿದ ಗಾಯದ ವಿಷಯವೂ ಹೀಗೆಯೇ. ನೀರು ತುಂಬಿದ ಅಂಗಾಂಶಕ್ಕೆ ಗಾಯವಾದಾಗ ಅದು ಒಣಗಿ ಪೊರೆಗಟ್ಟಬೇಕು. ಅಷ್ಟರೊಳಗೆ ತೇವ ತಗುಲಿದರೆ ಕೊಳೆ ಶುರು. ಇದಕ್ಕಾಗಿಯೇ ಜೇಡ್‌ನ ಪ್ರತಿ ಕೆಲಸದ ಹಿಂದೆಯೂ ಒಂದಿಷ್ಟು ದಿನಗಳ ‘ಒಣ ವಿರಾಮ’ ಇರುತ್ತದೆ.

ಇಂಥ ರಸಭರಿತ ಗಿಡ ಬೋನ್ಸಾಯ್ ಆದದ್ದಕ್ಕೂ ಕಾರಣವಿದೆ. ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಶಿಸ್ತಾಗಿ ಬೆಳೆದ ಬೋನ್ಸಾಯ್ ಕಲೆಯಲ್ಲಿ ಪೈನ್, ಜುನಿಪರ್, ಮೇಪಲ್‌ಗಳದೇ ದರ್ಬಾರು. ಬೆಚ್ಚಗಿನ ಸೀಮೆಗಳಲ್ಲಿ ಆ ಮರಗಳು ಒಗ್ಗದ ಕಡೆ ಪುಟ್ಟ ಜೇಡ್ ಜನಪ್ರಿಯವಾಯಿತು. ಅಮೆರಿಕದ ಫ್ಲಾರಿಡಾದಲ್ಲಿ ಜಿಮ್ ಸ್ಮಿತ್ ಇದನ್ನು ದೊಡ್ಡ ಬೋನ್ಸಾಯ್‌ಗಳಾಗಿ ಬೆಳೆಸಿ ಹೆಸರಾದವರು. ಬೆಂಗಳೂರಿನ ಲಾಲ್‌ಬಾಗ್‌ನ ಬೋನ್ಸಾಯ್ ಉದ್ಯಾನ, ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನಗಳನ್ನು ಒಮ್ಮೆ ನಿಧಾನವಾಗಿ ನೋಡಿ ಬಂದರೆ ರೆಂಬೆ, ಕುಂಡ, ಬುಡಗಳ ಅಳತೆ ಕಣ್ಣಿಗೆ ಕೂರುತ್ತದೆ.

ಕೊಳ್ಳುವಾಗ ಏನು ನೋಡಬೇಕು?

ಸಿದ್ಧ ಬೋನ್ಸಾಯ್‌ಗೆ ದುಬಾರಿ ಬೆಲೆ ತೆರುವ ಬದಲು ನರ್ಸರಿಯ ಪ್ಲಾಸ್ಟಿಕ್ ಚೀಲದಲ್ಲಿರುವ ಪೊದೆಯಂಥ ಜೇಡ್ ಆರಿಸಿ. ಅಲ್ಪ ಬೆಲೆಗೆ ಸಿಗುತ್ತದೆ, ಕಲಿಯಲೂ ಅನುಕೂಲ.

1. ಮೇಲಿನ ಹಸಿರಿಗೆ ಮರುಳಾಗದೆ ಬುಡ ನೋಡಿ. ಬೆರಳಿನಿಂದ ಮೇಲ್ಮಣ್ಣು ಸರಿಸಿದರೆ ಕಾಂಡ ಕೆಳಗೆ ಹೋದಂತೆ ದಪ್ಪವಾಗಿರಬೇಕು.
2. ಕಾಂಡದ ಬುಡ ಒತ್ತಿದಾಗ ಗಟ್ಟಿ ಇರಬೇಕು.
3. ಒಂದೇ ಚೀಲದಲ್ಲಿ ನಾಲ್ಕೈದು ಕಡ್ಡಿ ಚುಚ್ಚಿ ‘ದಟ್ಟ ಗಿಡ’ ಎಂದು ಮಾರುವುದುಂಟು. ಒಂಟಿ ಮರ ಬೇಕಿದ್ದರೆ ಅಂಥದ್ದು ಬೇಡ. ತೋಪಿನ ಮಾದರಿ ಮಾಡುವುದಾದರೆ ಅದೇ ಲಾಭ.
4. ಎಲೆಯ ಕಂಕುಳಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ ಇದೆ ಎಂದರ್ಥ. ಆ ಗಿಡ ಬಿಡಿ.
5. ಕಲ್ಲುಗಳನ್ನು ಅಂಟಿನಿಂದ ಕೂರಿಸಿದ ಕುಂಡ ಬೇಡವೇ ಬೇಡ. ಅಡಿಯಲ್ಲಿ ಮಣ್ಣು ಹೇಗಿದೆ ಎಂದು ನೋಡಲೂ ಆಗುವುದಿಲ್ಲ.

ಕಡ್ಡಿಯಿಂದ ಗಿಡ

ಜೇಡ್ ಹಬ್ಬಿಸುವುದು ಅತ್ಯಂತ ಸುಲಭ. ಕ್ರಾಸುಲಾ ಒಂದೇ ಎಲೆಯಿಂದಲೂ ಹುಟ್ಟುತ್ತದೆ. ಪುಟ್ಟ ಜೇಡ್‌ನ ಬಿಡಿ ಎಲೆಯನ್ನು ನಂಬಿ ಕೂರಬೇಡಿ, ಕಡ್ಡಿಯೇ ಲೇಸು. ಎಲೆಯಿಂದ ಬಂದ ಸಸಿ ಬೋನ್ಸಾಯ್ ಗಾತ್ರಕ್ಕೆ ಬರಲು ವರ್ಷಗಳು ಬೇಕು. ಪೆನ್ಸಿಲ್ ದಪ್ಪದ ಕಡ್ಡಿ ಆ ವರ್ಷಗಳನ್ನು ಉಳಿಸುತ್ತದೆ.

1. ನಾಲ್ಕಾರು ಇಂಚಿನ ಬಲಿತ ಕಡ್ಡಿಯನ್ನು ಹರಿತವಾದ, ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಕತ್ತರಿಸಿ.
2. ಕೆಳಗಿನ ಒಂದೂವರೆ ಇಂಚಿನ ಎಲೆಗಳನ್ನು ಬಿಡಿಸಿ.
3. ನೆರಳಿನಲ್ಲಿ, ಗಾಳಿಯಾಡುವ ಕಡೆ, ಕಾಗದದ ಮೇಲೆ 4ರಿಂದ 7 ದಿನ ಬಿಡಿ. ದಪ್ಪ ಕಡ್ಡಿಗೆ ಇನ್ನೂ ಕೆಲವು ದಿನ ಬೇಕು. ಕತ್ತರಿಸಿದ ಮುಖ ಬೆಳ್ಳಗೆ ಒಣಗಿ ಗಟ್ಟಿಯಾಗಿದ್ದರೆ ಸಿದ್ಧವಾಯಿತೆಂದು ತಿಳಿಯಿರಿ.
4. ಮುಂದೆ ಹೇಳುವ ಮಣ್ಣಿನ ಒಣ ಮಿಶ್ರಣದಲ್ಲಿ ಅಲುಗಾಡದಂತೆ ನೆಡಿ. ಮೊದಲ ವಾರ ನೀರು ಬೇಡ. ಆಮೇಲೆ ಹಗುರವಾಗಿ ನೀರು ಕೊಡಿ, ಮಣ್ಣು ಒಣಗಿದ ಮೇಲೆ ಮತ್ತೊಮ್ಮೆ.
5. ಮೂರ್ನಾಲ್ಕು ವಾರದ ಮೇಲೆ ಮೆಲ್ಲಗೆ ಎಳೆದು ನೋಡಿ. ಮಣ್ಣು ಹಿಡಿದುಕೊಂಡಂತೆ ತಡೆ ಕೊಟ್ಟರೆ ಬೇರು ಬಂದಿದೆ.

ಒಂಟಿ ಮರ ಮಾಡುವುದಾದರೆ ಬೇರು ಬಂದ ಕಡ್ಡಿಯನ್ನು ಕೂಡಲೇ ಬೋನ್ಸಾಯ್ ಟ್ರೇಗೆ ಏರಿಸಬೇಡಿ. ತಟ್ಟೆಯಂಥ ಕುಂಡದಲ್ಲಿ ಬೇರಿಗೆ ಜಾಗವಿಲ್ಲ, ಬೆಳವಣಿಗೆ ಕುಂಟುತ್ತದೆ. ಕಾಂಡ ದಪ್ಪವಾಗುವುದು ಗಿಡ ಸ್ವಚ್ಛಂದವಾಗಿ ಬೆಳೆಯುವಾಗ ಮಾತ್ರ. ಎರಡು ಮೂರು ವರ್ಷ 8 ಇಂಚಿನ ಮಣ್ಣಿನ ಕುಂಡದಲ್ಲಿ ಬಿಸಿಲಲ್ಲಿ ಬೆಳೆಸಿ. ಬುಡದ ಬಳಿಯ ಒಂದು ರೆಂಬೆಯನ್ನು ಕತ್ತರಿಸದೆ ಉದ್ದಕ್ಕೆ ಬಿಟ್ಟರೆ ಅದರ ಕೆಳಗಿನ ಕಾಂಡ ಬೇಗ ಉಬ್ಬುತ್ತದೆ. ಬೇಕಾದಷ್ಟು ದಪ್ಪವಾದ ಮೇಲೆ ಆ ರೆಂಬೆ ತೆಗೆದುಹಾಕಿ.

ಮಣ್ಣು: ತಪ್ಪಾಗುವುದು ಇಲ್ಲೇ

ನೀರುಣಿಸಿದ ಮೇಲೆ ಪ್ರತಿ ಕುಂಡದ ತಳದಲ್ಲೂ ಒಂದಷ್ಟು ಎತ್ತರದ ಮಣ್ಣು ಪೂರ್ತಿ ನೆನೆದೇ ಉಳಿಯುತ್ತದೆ. ಈ ಎತ್ತರ ನಿಂತಿರುವುದು ಮಣ್ಣಿನ ಕಣಗಳ ಗಾತ್ರದ ಮೇಲೆ, ಕುಂಡದ ಆಳದ ಮೇಲಲ್ಲ. ಆಳವಾದ ಕುಂಡದಲ್ಲಿ ಆ ಪದರದ ಮೇಲೆ ಒಣ ಜಾಗ ಸಾಕಷ್ಟಿರುತ್ತದೆ. ಎರಡು ಇಂಚಿನ ಬೋನ್ಸಾಯ್ ಟ್ರೇಯಲ್ಲಿ ಅದೇ ಮಣ್ಣು ತುಂಬಿದರೆ ಹೆಚ್ಚು ಕಡಿಮೆ ಇಡೀ ಬೇರು ಕೆಸರಿನಲ್ಲಿ! ಆಳವಿಲ್ಲದ ಕುಂಡಕ್ಕೆ ದಪ್ಪ ಕಣಗಳ ಮಿಶ್ರಣ ಬೇಕೆನ್ನುವುದು ಇದಕ್ಕೇ. ತಳದಲ್ಲಿ ಜಲ್ಲಿ ಹರಡಿದರೆ ನೀರು ಬಸಿಯುತ್ತದೆ ಎಂಬುದೂ ತಪ್ಪು ನಂಬಿಕೆ. ನೀರು ನಯವಾದ ಮಣ್ಣಿನಿಂದ ಜಲ್ಲಿಗೆ ಸುಲಭವಾಗಿ ಇಳಿಯದು. ನೆನೆದ ಪದರ ಜಲ್ಲಿಯ ಮೇಲಕ್ಕೆ ಏರಿ ಬೇರಿಗೆ ಇನ್ನೂ ಹತ್ತಿರವಾಗುತ್ತದೆ.

ನಮ್ಮಲ್ಲೇ ಸಿಗುವ ಸಾಮಗ್ರಿಗಳ ಒಂದು ಮಿಶ್ರಣ ಹೀಗಿದೆ:

• ಸುಟ್ಟ ಇಟ್ಟಿಗೆಯ ಚೂರು, 3ರಿಂದ 6 ಮಿಲಿಮೀಟರ್: 2 ಪಾಲು
• ಪರ್ಲೈಟ್ ಅಥವಾ ಪ್ಯೂಮಿಸ್: 1 ಪಾಲು
• ಚೆನ್ನಾಗಿ ಕಳಿತ ಎಲೆಗೊಬ್ಬರ ಇಲ್ಲವೇ ಎರೆಗೊಬ್ಬರ: 1 ಪಾಲು

ಇಟ್ಟಿಗೆಯನ್ನು ಗೋಣಿಚೀಲದಲ್ಲಿ ಹಾಕಿ ಸುತ್ತಿಗೆಯಿಂದ ಕುಟ್ಟಿ, ಎರಡು ಜರಡಿ ಹಿಡಿಯಿರಿ. ದಪ್ಪ ಕಣ್ಣಿನ ಜರಡಿಯ ಮೇಲೆ ಉಳಿದದ್ದನ್ನು ಮತ್ತೆ ಕುಟ್ಟಬೇಕು. ಸಣ್ಣ ಕಣ್ಣಿನ ಜರಡಿಯಿಂದ ಕೆಳಗಿಳಿದ ಪುಡಿಯನ್ನು ಕುಂಡಕ್ಕೆ ಹಾಕಲೇಬೇಡಿ, ಅದು ಕಣಗಳ ನಡುವಿನ ಸಂದು ಮುಚ್ಚುತ್ತದೆ. ನಡುವೆ ಉಳಿದದ್ದನ್ನು ತೊಳೆದು ಒಣಗಿಸಿ ಬಳಸಿ. ಸಿಮೆಂಟ್ ಬ್ಲಾಕಿನ ಚೂರು ಬೇಡ. ಎಂ-ಸ್ಯಾಂಡ್ ಬಳಸುವುದಾದರೆ ದೂಳು ಹೋಗುವವರೆಗೆ ತೊಳೆದು ದಪ್ಪ ಕಣ ಮಾತ್ರ ಆರಿಸಿಕೊಳ್ಳಿ. ಬರೀ ಕೆಮ್ಮಣ್ಣು ಒಂದೆರಡು ಮಳೆಗೆ ಗಟ್ಟಿಯಾಗಿ ಹೆಂಟೆಗಟ್ಟುತ್ತದೆ. ಬರೀ ಕೊಕೊಪೀಟ್ ವಾರಗಟ್ಟಲೆ ತೇವ ಹಿಡಿದಿಡುತ್ತದೆ. ಎರಡೂ ಜೇಡ್‌ಗೆ ಆಗಿಬರುವುದಿಲ್ಲ.

ಕುಂಡದಲ್ಲಿ ಕನಿಷ್ಠ ಎರಡು ತೂತುಗಳಿರಲಿ, ಮೇಲೆ ಪ್ಲಾಸ್ಟಿಕ್ ಜಾಲರಿ ಹಾಸಿ. ಜೇಡ್‌ನ ತಲೆ ಭಾರ, ಬೇರು ಕಮ್ಮಿ. ತೂತಿನಿಂದ ತಂತಿ ತೂರಿಸಿ ಬೇರಿನ ಗಡ್ಡೆಯನ್ನು ಕುಂಡಕ್ಕೆ ಬಿಗಿಯದಿದ್ದರೆ ಗಾಳಿಗೆ ಗಿಡ ವಾಲುತ್ತದೆ.

ನೀರು: ಕ್ಯಾಲೆಂಡರ್ ಅಲ್ಲ, ಕಡ್ಡಿ ನೋಡಿ

‘ವಾರಕ್ಕೆ ಎಷ್ಟು ಸಲ?’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬೆಂಗಳೂರಿನ ಮಾರ್ಚ್ ಬಿಸಿಲಿಗೆ ಮೂರ್ನಾಲ್ಕು ದಿನದಲ್ಲಿ ಒಣಗುವ ಅದೇ ಕುಂಡ ಜುಲೈ ಮೋಡದಲ್ಲಿ ಎರಡು ವಾರ ತೇವವಾಗಿರಬಹುದು.

1. ಒಂದು ಬಿದಿರು ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ಕಪ್ಪಾಗಿ ತಣ್ಣಗಿದ್ದರೆ ನೀರು ಬೇಡ.
2. ಪೂರ್ತಿ ಒಣಗಿದ್ದರೆ ತಳದ ತೂತಿನಿಂದ ಹರಿಯುವಷ್ಟು ನೀರು ಕೊಡಿ. ದಿನಾ ಚಿಮುಕಿಸಿದರೆ ಮೇಲ್ಮಣ್ಣು ಸದಾ ತೇವ, ಒಳಬೇರು ಸದಾ ಉಪವಾಸ.
3. ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ.
4. ಬೋರ್‌ವೆಲ್ ನೀರು ಗಡಸಾಗಿದ್ದರೆ ಕುಂಡದಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ. ಸಾಧ್ಯವಾದಾಗ ಹಿಡಿದಿಟ್ಟ ಮಳೆನೀರು ಹಾಕಿ ಉಪ್ಪನ್ನು ತೊಳೆದುಹೋಗಲು ಬಿಡಿ.

ಎಚ್ಚರಿಕೆ: ಎಲೆ ಸುಕ್ಕುಗಟ್ಟಿದರೆ ಬಾಯಾರಿಕೆ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಬೇರು ಕೊಳೆತಾಗಲೂ ನೀರು ಮೇಲೇರದೆ ಎಲೆ ಸುಕ್ಕುಗಟ್ಟುತ್ತದೆ. ಮಣ್ಣು ಒಣಗಿ ಎಲೆ ಸುಕ್ಕಾಗಿದ್ದರೆ ನೀರು ಕೊಡಿ, ಒಂದೆರಡು ದಿನದಲ್ಲಿ ಎಲೆ ಬಿಗಿಯಾಗುತ್ತದೆ. ಮಣ್ಣು ತೇವವಿದ್ದೂ ಎಲೆ ಸುಕ್ಕಾಗಿದ್ದರೆ ನೀರಿನ ಕೊಡ ಕೆಳಗಿಟ್ಟು ಗಿಡವನ್ನು ಕುಂಡದಿಂದ ಹೊರತೆಗೆದು ಬೇರು ನೋಡಿ. ಹಳದಿಯಾಗಿ, ಪಾರದರ್ಶಕವಾಗಿ, ನೀರುಗುಳ್ಳೆಯಂತಾಗಿ ಉದುರುವ ಎಲೆಯದು ಸಾಮಾನ್ಯವಾಗಿ ನೀರು ಹೆಚ್ಚಾದ ಕಥೆ.

ಬಿಸಿಲು ಮತ್ತು ಜಾಗ

ದಿನಕ್ಕೆ ನಾಲ್ಕರಿಂದ ಆರು ಗಂಟೆ ನೇರ ಬಿಸಿಲು ಬೀಳುವ ಬಾಲ್ಕನಿ, ತಾರಸಿ ಅಥವಾ ಕಿಟಕಿಯ ಹೊರಗಟ್ಟೆ ಉತ್ತಮ. ಬಿಸಿಲು ಸಾಕಷ್ಟಿದ್ದರೆ ಎಲೆ ಚಿಕ್ಕದಾಗಿ, ಅಂಚು ಕೆಂಪೇರಿ, ಗೆಣ್ಣುಗಳ ನಡುವಿನ ಅಂತರ ಕುಗ್ಗುತ್ತದೆ. ಬೋನ್ಸಾಯ್‌ಗೆ ಬೇಕಾದದ್ದು ಅದೇ. ನೆರಳಿನಲ್ಲಿ ರೆಂಬೆಗಳು ಸೊರಗಿ ಉದ್ದವಾಗಿ ಜೋಲುತ್ತವೆ. ಆಮೇಲೆ ಎಷ್ಟು ಕತ್ತರಿಸಿದರೂ ಆಕಾರ ಕೂರದು.

ಜೇಡ್ ಅದೃಷ್ಟ ತರುತ್ತದೆಂದು ಕ್ಯಾಷ್ ಕೌಂಟರ್ ಮೇಲೆ, ಕಚೇರಿ ಮೇಜಿನ ಮೂಲೆಯಲ್ಲಿ ಇಡುವವರಿದ್ದಾರೆ. ನಂಬಿಕೆ ನಿಮ್ಮಿಷ್ಟ, ಆದರೆ ಟ್ಯೂಬ್‌ಲೈಟ್ ಬೆಳಕಿಗೆ ಗಿಡ ಬದುಕದು. ಎರಡು ಗಿಡ ಇಟ್ಟುಕೊಂಡು ವಾರಕ್ಕೊಮ್ಮೆ ಅದಲು ಬದಲು ಮಾಡಿ. ಒಳಗಿದ್ದ ಗಿಡವನ್ನು ಏಕಾಏಕಿ ಸುಡುಬಿಸಿಲಿಗೆ ಒಡ್ಡಿದರೆ ಎಲೆ ಮೇಲೆ ಕಂದು ಕಲೆ ಬೀಳುತ್ತದೆ. ಮೊದಲು ಬೆಳಗಿನ ಬಿಸಿಲು, ಎರಡು ವಾರದಲ್ಲಿ ನಿಧಾನವಾಗಿ ಹೆಚ್ಚಿಸಿ.

ಆಕಾರ ಕೊಡುವುದು: ಕತ್ತರಿಯೇ ಮುಖ್ಯ

ಜೇಡ್‌ನ ರೆಂಬೆಯನ್ನು ಹತ್ತಿರದಿಂದ ನೋಡಿ. ಎಲೆಗಳು ಜೋಡಿ ಜೋಡಿಯಾಗಿ, ಎದುರು ಬದುರಾಗಿ ಇರುತ್ತವೆ. ಒಂದು ಜೋಡಿ ಎಡ–ಬಲಕ್ಕಿದ್ದರೆ ಅದರ ಮೇಲಿನದು ಹಿಂದೆ–ಮುಂದಕ್ಕೆ. ಎಲೆ ಉದುರಿದ ಕಡೆ ಕಾಂಡದ ಸುತ್ತ ಉಂಗುರದಂಥ ಗೆರೆ ಉಳಿಯುತ್ತದೆ, ಅದೇ ಗೆಣ್ಣು. ಪ್ರತಿ ಗೆಣ್ಣಿನಲ್ಲೂ ಎರಡು ಮಲಗಿದ ಮೊಗ್ಗುಗಳಿವೆ. ತುದಿ ಇರುವವರೆಗೆ ಅವು ಏಳುವುದಿಲ್ಲ. ತುದಿ ಕತ್ತರಿಸಿದರೆ ಎರಡೂ ಚಿಗುರಿ ಒಂದು ರೆಂಬೆ ಎರಡಾಗುತ್ತದೆ. ಇಷ್ಟು ಗೊತ್ತಾದರೆ ಹೊಸ ರೆಂಬೆ ಯಾವ ದಿಕ್ಕಿಗೆ ಬರಬೇಕೆಂದು ನೀವೇ ನಿರ್ಧರಿಸಬಹುದು. ಅಡ್ಡಕ್ಕೆ ಬೇಕಿದ್ದರೆ ಎಡ–ಬಲ ಜೋಡಿಯ ಮೇಲೆ ಕತ್ತರಿಸಿ.

1. ಗಿಡವನ್ನು ಕಣ್ಣಿನ ಮಟ್ಟಕ್ಕೆ ಇಟ್ಟು ತಿರುಗಿಸಿ, ಬುಡ ಅಗಲವಾಗಿ ಕಾಣುವ ಕಡೆಯನ್ನು ಮುಂಭಾಗ ಮಾಡಿಕೊಳ್ಳಿ.
2. ಕೆಳಗಿನ ಮೂರನೇ ಒಂದು ಭಾಗದಲ್ಲಿರುವ ಸಣ್ಣಪುಟ್ಟ ರೆಂಬೆ ತೆಗೆದು ಕಾಂಡ ಕಾಣುವಂತೆ ಮಾಡಿ.
3. ಒಂದರ ಮೇಲೊಂದು ಹಾಯುವ, ಒಳಮುಖವಾಗಿ ಬೆಳೆಯುವ, ನೇರ ಕೆಳಗಿಳಿಯುವ ರೆಂಬೆ ತೆಗೆಯಿರಿ.
4. ಉಳಿದ ರೆಂಬೆಗಳು ನಾಲ್ಕೈದು ಜೋಡಿ ಎಲೆ ಬಿಟ್ಟಾಗ ಒಂದೆರಡು ಜೋಡಿಗೆ ಕತ್ತರಿಸಿ. ಬೆಳೆಯಲು ಬಿಡುವುದು, ಕತ್ತರಿಸುವುದು, ಮತ್ತೆ ಬೆಳೆಯಲು ಬಿಡುವುದು. ಕಾಂಡ, ರೆಂಬೆಗಳಲ್ಲಿ ಸಹಜ ಅಂಕುಡೊಂಕು ಮೂಡುವುದು ಹೀಗೆಯೇ.
5. ಗೆಣ್ಣಿಗೆ ತಾಗಿಸಿ ಕತ್ತರಿಸಬೇಡಿ. ನಾಲ್ಕೈದು ಮಿಲಿಮೀಟರ್ ತುಂಡು ಉಳಿಸಿ. ಅದು ಸುಕ್ಕಾಗಿ ಗೆಣ್ಣಿನವರೆಗೆ ಒಣಗಿ ತಾನೇ ಉದುರುತ್ತದೆ, ಗಾಯ ಮಾಯುತ್ತದೆ. ತಾಗಿಸಿ ಕತ್ತರಿಸಿದರೆ ಒಣಗುವಿಕೆ ಗೆಣ್ಣನ್ನೂ ದಾಟಿ ಮೊಗ್ಗು ಸಾಯಬಹುದು.
6. ದೊಡ್ಡ ರೆಂಬೆ ಕತ್ತರಿಸಿದ ಮೇಲೆ ನಾಲ್ಕೈದು ದಿನ ನೀರು ಬೇಡ. ಗಾಯದ ಮೇಲೆ ಮಳೆ ಬೀಳದಿರಲಿ.

ತಂತಿ ಸುತ್ತುವುದು ಎರಡನೆಯ ಮಾತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಜೇಡ್‌ಗೆ ಅಕ್ಷರಶಃ ಒಪ್ಪುತ್ತದೆ. ಬಲಿತ ರೆಂಬೆ ಬಾಗುವುದಿಲ್ಲ, ಲಟಕ್ಕೆಂದು ಮುರಿಯುತ್ತದೆ. ಎಳೆಯ ಪೆನ್ಸಿಲ್ ದಪ್ಪದ ರೆಂಬೆಗೆ ಮಾತ್ರ, ರೆಂಬೆಯ ಮೂರನೇ ಒಂದರಷ್ಟು ದಪ್ಪದ ಅಲ್ಯುಮಿನಿಯಂ ತಂತಿಯನ್ನು ಓರೆಯಾಗಿ, ಸಡಿಲವಾಗಿ ಸುತ್ತಿ. ಅದಕ್ಕೆ ಮುಂಚೆ ಕೆಲವು ದಿನ ನೀರು ನಿಲ್ಲಿಸಿದರೆ ರೆಂಬೆ ಬಾಡಿ ಮೆತುವಾಗುತ್ತದೆ, ಮುರಿಯುವ ಭಯ ಕಡಿಮೆ. ಕಾಂಡ ಬೇಗ ಉಬ್ಬುವುದರಿಂದ ತಂತಿ ತೊಗಟೆಯೊಳಗೆ ಇಳಿಯುತ್ತದೆ. ಎರಡು ವಾರಕ್ಕೊಮ್ಮೆ ನೋಡಿ, ಒತ್ತುತ್ತಿದ್ದರೆ ಬಿಚ್ಚದೆ ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ. ರೆಂಬೆಗೆ ದಾರ ಕಟ್ಟಿ ಕುಂಡದಂಚಿಗೆ ಎಳೆದು ಬಿಗಿಯುವುದು ಇನ್ನೂ ಸುರಕ್ಷಿತ.

ಜುನಿಪರ್‌ಗಳಲ್ಲಿ ತೊಗಟೆ ಸುಲಿದು ಒಣಮರದ ಭಾಗ ತೋರಿಸುವ ಶೈಲಿಯನ್ನು ಇಲ್ಲಿ ಪ್ರಯತ್ನಿಸಬೇಡಿ. ಜೇಡ್‌ನ ಮರ ಮೃದು, ಸುಲಿದ ಜಾಗ ಕೊಳೆಯುತ್ತದೆ.

ಕುಂಡ ಬದಲಿಸುವುದು

ಎರಡು ಮೂರು ವರ್ಷಕ್ಕೊಮ್ಮೆ ಸಾಕು. ನಮ್ಮಲ್ಲಿ ಫೆಬ್ರವರಿಯಿಂದ ಏಪ್ರಿಲ್ ಸೂಕ್ತ ಕಾಲ. ಬೆಚ್ಚಗಿರುತ್ತದೆ, ಮಳೆಗೆ ಮೊದಲೇ ಹೊಸ ಬೇರು ಹಿಡಿಯುತ್ತದೆ.

1. ಒಂದು ವಾರ ಮೊದಲೇ ನೀರು ನಿಲ್ಲಿಸಿ. ಒಣ ಮಣ್ಣು ಬೇರಿನಿಂದ ಸುಲಭವಾಗಿ ಉದುರುತ್ತದೆ.
2. ಹಳೆ ಮಣ್ಣು ಬಿಡಿಸಿ, ಸತ್ತ ಮತ್ತು ಸುತ್ತಿಕೊಂಡ ಬೇರು ತೆಗೆದು, ಒಟ್ಟು ಬೇರಿನಲ್ಲಿ ಮೂರನೇ ಒಂದು ಭಾಗದಷ್ಟು ಕತ್ತರಿಸಿ. ಕೆಳಮುಖ ದಪ್ಪ ಬೇರುಗಳಿಗೆ ಮೊದಲು ಕತ್ತರಿ, ಅಡ್ಡಕ್ಕೆ ಹರಡಿದವು ಉಳಿಯಲಿ. ಬುಡ ಅಗಲವಾಗಿ ಕಾಣುವುದು ಅವುಗಳಿಂದಲೇ.
3. ಗಿಡವನ್ನು ನೆರಳಲ್ಲಿ ಎರಡು ಮೂರು ದಿನ ಬರಿಬೇರಿನಲ್ಲಿ ಬಿಡಿ. ಭಯಪಡಬೇಡಿ, ಏನೂ ಆಗದು.
4. ಒಣ ಮಿಶ್ರಣದಲ್ಲಿ ನೆಟ್ಟು ತಂತಿಯಿಂದ ಬಿಗಿಯಿರಿ.
5. ಒಂದು ವಾರ ಕಳೆದ ಮೇಲೆ ಮೊದಲ ನೀರು. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಬೇಡ, ಮಧ್ಯಾಹ್ನದ ಬಿಸಿಲೂ ಬೇಡ.

ಗೊಬ್ಬರದ ವಿಷಯ ಚಿಕ್ಕದು. ಬೆಳೆಯುವ ತಿಂಗಳುಗಳಲ್ಲಿ ಯಾವುದೇ ಸಮತೋಲಿತ ದ್ರವಗೊಬ್ಬರವನ್ನು ಪ್ಯಾಕೆಟ್ಟಿನ ಮೇಲೆ ಹೇಳಿದ ಅರ್ಧ ಪ್ರಮಾಣದಲ್ಲಿ ತಿಂಗಳಿಗೊಮ್ಮೆ ಕೊಡಿ. ಸಾರಜನಕ ಹೆಚ್ಚಾದರೆ ರೆಂಬೆ ಮೆತ್ತಗೆ, ಎಲೆ ದೊಡ್ಡದಾಗುತ್ತದೆ.

ಊರಿಗೆ ತಕ್ಕ ಆರೈಕೆ

ಕರಾವಳಿ, ಮಲೆನಾಡು: ಜೂನ್‌ನಿಂದ ಸೆಪ್ಟೆಂಬರ್ ನಿಮ್ಮ ಗಿಡಕ್ಕೆ ಕಂಟಕಕಾಲ. ಮಳೆ ತಾಗದ, ಬೆಳಕು ಗಾಳಿ ಇರುವ ಸೂರಿನ ಕೆಳಗೆ ಇಡಿ. ಪಾರದರ್ಶಕ ಶೀಟಿನ ಮಾಡು ಇದ್ದರೆ ಇನ್ನೂ ಒಳ್ಳೆಯದು. ಕಾಂಡದಿಂದ ಗುಲಾಬಿ ಬಣ್ಣದ ಸಣ್ಣ ಬೇರುಗಳು ಹೊರಟರೆ ಗಾಬರಿ ಬೇಡ, ಅದು ಗಾಳಿಯ ತೇವಕ್ಕೆ ಬಂದದ್ದು.

ಬೆಂಗಳೂರು, ಮೈಸೂರು ಸೀಮೆ: ಜೇಡ್‌ಗೆ ಹೇಳಿ ಮಾಡಿಸಿದ ಹವೆ. ಬಿಟ್ಟು ಬಿಟ್ಟು ಬರುವ ಮಳೆಯನ್ನು ದಪ್ಪ ಕಣಗಳ ಮಿಶ್ರಣದಲ್ಲಿರುವ ಗಿಡ ತಡೆದುಕೊಳ್ಳುತ್ತದೆ. ಸತತ ಎರಡು ಮೂರು ದಿನ ಸುರಿದರೆ ಒಳಗಿಡಿ. ಅಕ್ಟೋಬರ್ ಹಿಂಗಾರನ್ನೂ ಮರೆಯಬೇಡಿ.

ಕಲಬುರಗಿ, ರಾಯಚೂರು, ವಿಜಯಪುರ: ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟಿದಾಗ ಸಣ್ಣ ಕುಂಡ ಕಾದು ಬೇರು ಬೇಯುತ್ತದೆ. ಮಧ್ಯಾಹ್ನಕ್ಕೆ ನೆರಳುಬಲೆ ಕಟ್ಟಿ, ಕಾದ ತಾರಸಿಯ ಮೇಲೆ ನೇರವಾಗಿ ಇಡದೆ ಹಲಗೆಯ ಮೇಲಿಡಿ. ನೀರು ಸಂಜೆ ಕೊಡಿ.

ಹಿಮ ಬೀಳುವ ದೇಶಗಳಲ್ಲಿರುವ ಕನ್ನಡಿಗರು ರಾತ್ರಿಯ ಉಷ್ಣತೆ 5 ಡಿಗ್ರಿಗೆ ಇಳಿಯುವ ಮೊದಲೇ ಗಿಡವನ್ನು ಒಳಗಿನ ದಕ್ಷಿಣ ಕಿಟಕಿಗೆ ತಂದು ನೀರು ತೀರಾ ಕಡಿಮೆ ಮಾಡಬೇಕು. ನೀರು ತುಂಬಿದ ಎಲೆ ಹೆಪ್ಪುಗಟ್ಟಿದರೆ ಉಳಿಯುವುದಿಲ್ಲ.

ಕೀಟ ಮತ್ತು ಕೊಳೆ

ಇರುವೆ ಸಾಲು ಗಿಡ ಹತ್ತುತ್ತಿದ್ದರೆ ಹಿಟ್ಟು ತಿಗಣೆ ಹುಡುಕಿ. ಅದು ಸೂಸುವ ಸಿಹಿರಸಕ್ಕಾಗಿ ಇರುವೆಗಳು ಅದನ್ನು ಕಾಯುತ್ತವೆ, ಗಿಡದಿಂದ ಗಿಡಕ್ಕೆ ಸಾಗಿಸುತ್ತವೆ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಇಯರ್‌ಬಡ್‌ನಿಂದ ಒಂದೊಂದನ್ನೂ ಒರೆಸಿ, ವಾರಕ್ಕೊಮ್ಮೆಯಂತೆ ಮೂರ್ನಾಲ್ಕು ಸಲ. ಬೇವಿನೆಣ್ಣೆ, ಸೋಪಿನ ದ್ರಾವಣವನ್ನು ಏಕಾಏಕಿ ಇಡೀ ಗಿಡಕ್ಕೆ ಸುರಿಯಬೇಡಿ; ಜೇಡ್ ಎಲೆಯ ಮೇಣದ ಪದರಕ್ಕೆ ಅವು ಹಾನಿ ಮಾಡಬಹುದು. ಒಂದೆರಡು ಎಲೆಗೆ ಹಚ್ಚಿ ಎರಡು ದಿನ ಕಾದು ನೋಡಿ, ಸಂಜೆ ಮಾತ್ರ ಸಿಂಪಡಿಸಿ.

ಬುಡ ಮೆತ್ತಗಾದ ಗಿಡವನ್ನೂ ಹಲವು ಸಲ ಉಳಿಸಬಹುದು. ಕುಂಡದಿಂದ ತೆಗೆದು, ಕೆಳಗಿನಿಂದ ಸ್ವಲ್ಪ ಸ್ವಲ್ಪವಾಗಿ ಕಾಂಡ ಕತ್ತರಿಸುತ್ತಾ ಬನ್ನಿ. ಪ್ರತಿ ಸಲವೂ ಕತ್ತರಿಸಿದ ಮುಖ ನೋಡಿ, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಕಂದು ಚುಕ್ಕೆಯಾಗಲಿ ಉಂಗುರವಾಗಲಿ ಇದ್ದರೆ ಇನ್ನೂ ಮೇಲೆ ಕತ್ತರಿಸಬೇಕು. ಇಡೀ ಮುಖ ತಿಳಿ ಹಸಿರಾಗಿ, ಸ್ವಚ್ಛವಾಗಿ ಕಂಡಾಗ ನಿಲ್ಲಿಸಿ. ಆ ಮೇಲ್ಭಾಗವನ್ನು ಒಂದೆರಡು ವಾರ ಒಣಗಿಸಿ ಹೊಸ ಕಡ್ಡಿಯಂತೆಯೇ ನೆಡಿ. ಹಳೆ ಮಣ್ಣು ಎಸೆಯಿರಿ.

ಸಾಮಾನ್ಯ ತಪ್ಪುಗಳು

• ಒಂದೇ ದಿನ ರೆಂಬೆ ಕತ್ತರಿಸಿ, ಬೇರು ಕತ್ತರಿಸಿ, ತಂತಿಯನ್ನೂ ಸುತ್ತುವುದು. ಒಂದು ದೊಡ್ಡ ಕೆಲಸಕ್ಕೂ ಇನ್ನೊಂದಕ್ಕೂ ಒಂದೆರಡು ತಿಂಗಳ ಅಂತರವಿರಲಿ.
• ಮಳೆಗಾಲದ ನಡುವೆ ಕುಂಡ ಬದಲಿಸುವುದು.
• ತೆಳ್ಳಗಿನ ಕಡ್ಡಿಯನ್ನು ಬೋನ್ಸಾಯ್ ಟ್ರೇಯಲ್ಲಿ ನೆಟ್ಟು ಕಾಂಡ ದಪ್ಪವಾಗುವುದನ್ನು ಕಾಯುವುದು.
• ಮಣ್ಣಿನ ಮೇಲೆ ಅಂದಕ್ಕಾಗಿ ಪಾಚಿ ಹಾಸುವುದು. ಪಾಚಿಗೆ ಬೇಕಾದ ತೇವ ಜೇಡ್‌ಗೆ ಆಗದು. ಸಣ್ಣ ಕಲ್ಲಿನ ಹರಳು ಹರಡಿದರೆ ಸಾಕು.
• ಬೆಳೆಯದೆ ನಿಂತ ಗಿಡಕ್ಕೆ ಗೊಬ್ಬರ ಸುರಿಯುವುದು. ಮೊದಲು ಬಿಸಿಲು, ಆಮೇಲೆ ಬೇರು, ಕೊನೆಗೆ ಗೊಬ್ಬರ. ಪರೀಕ್ಷೆಯ ಕ್ರಮ ಇದು.
• ಹೂ ಬರಲಿಲ್ಲವೆಂದು ಕೊರಗುವುದು. ಕ್ರಾಸುಲಾ ಹೂ ಬಿಡುವುದು ಬಲಿತ ರೆಂಬೆಯ ತುದಿಯಲ್ಲಿ, ಅದೂ ಚಳಿಗಾಲದಲ್ಲಿ. ಆಕಾರಕ್ಕಾಗಿ ತುದಿ ಕತ್ತರಿಸುತ್ತಲೇ ಇರುವ ಗಿಡದಲ್ಲಿ ಹೂ ನಿರೀಕ್ಷಿಸುವಂತಿಲ್ಲ.

ಇಂದೇ ಶುರು ಮಾಡುವುದಾದರೆ ಒಂದು ನರ್ಸರಿ ಗಿಡ, ಒಂದು ಕತ್ತರಿ, ಎರಡು ಇಟ್ಟಿಗೆ, ಎರಡು ಜರಡಿ ಸಾಕು. ಮೊದಲ ವರ್ಷ ಗಿಡವನ್ನು ಬಿಸಿಲಿಗೂ ನಿಮ್ಮ ಕೈಯನ್ನು ನೀರಿನ ಮಿತಿಗೂ ಒಗ್ಗಿಸಿ. ಎರಡನೆಯ ವರ್ಷ ಮುಖ್ಯ ರೆಂಬೆಗಳನ್ನು ಆರಿಸಿ. ಮೂರನೆಯ ವರ್ಷದ ಬೇಸಿಗೆ ಮೊದಲಾಗುವ ಹೊತ್ತಿಗೆ ಟ್ರೇಗೆ ಏರಿಸಿ. ಈ ನಡುವೆ ಕತ್ತರಿಸಿದ ಒಂದು ರೆಂಬೆಯನ್ನೂ ಎಸೆಯಬೇಡಿ. ಅವುಗಳಿಂದ ತೋಪು ಮಾಡಬಹುದು. ಒಂದೇ ದಪ್ಪದ ನಾಲ್ಕು ಕಡ್ಡಿಗಳನ್ನು ಒಂದೇ ಎತ್ತರದಲ್ಲಿ ನೆಟ್ಟರೆ ಬೇಲಿಯಂತೆ ಕಾಣುತ್ತದೆ. ದಪ್ಪ, ಎತ್ತರ ಬೇರೆ ಬೇರೆ ಇರುವ ಐದಾರು ಕಡ್ಡಿಗಳನ್ನು ಅಂತರ ಬದಲಿಸಿ ಅಗಲ ಟ್ರೇಯಲ್ಲಿ ನೆಟ್ಟರೆ ನಿಮ್ಮ ಎರಡನೆಯ ಬೋನ್ಸಾಯ್ ತೋಪಾಗಿ ಸಿದ್ಧ. ಅದಕ್ಕೆ ತಗಲುವ ಖರ್ಚು ಟ್ರೇಯದು ಮಾತ್ರ.